ಮಹಿಳಾ ಸಮಯದಲ್ಲಿ ನೀರಿಗೆ ಇಳಿಯುವ ಕುರಿತು

ನಮ್ಮ ಪುರಸಭೆಯ ಈಜುಕೊಳದಲ್ಲಿ ಗಂಡಸರಿಗೂ ಹೆಂಗಸರಿಗೂ ಎಳ್ಳಷ್ಟೂ ಭೇದವಿಲ್ಲ ಎಂಬುದನ್ನು ಅಲ್ಲಿಯ ಗುಮಾಸ್ತನಾದ ನಾನು ಮೊದಲಿಗೇ ದಾಖಲಿಸುತ್ತೇನೆ. ಸಮಾನತೆಯ ಕಾನೂನು ಬಂದ ವಾರದಲ್ಲೇ, ಬೆಳಿಗ್ಗೆ ಒಂದು ಗಂಟೆ ಗಂಡಸರಿಗೆ, ಆಮೇಲೆ ಒಂದು ಗಂಟೆ ಹೆಂಗಸರಿಗೆ ಎಂದು ಬೋರ್ಡು ಬರೆಸಲಾಯಿತು.

ಬೋರ್ಡಿನ ಕೆಳಗೆ ಎರಡು ನಿಯಮಗಳಿದ್ದವು. ಮಹಿಳಾ ಸಮಯದಲ್ಲಿ ಯಾವ ಗಂಡಸೂ ಒಳಗೆ ಇರತಕ್ಕದ್ದಲ್ಲ. ಜೀವರಕ್ಷಕರಿಲ್ಲದೆ ಯಾರೂ ನೀರಿಗೆ ಇಳಿಯತಕ್ಕದ್ದಲ್ಲ. ಎರಡೂ ಒಳ್ಳೆಯ ನಿಯಮಗಳೇ. ನಮ್ಮಲ್ಲಿದ್ದ ಒಬ್ಬನೇ ಲೈಫ್‌ಗಾರ್ಡ್ ಗಂಡಸಾದ್ದರಿಂದ, ಮಹಿಳಾ ಸಮಯದಲ್ಲಿ ಅವನು ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಕಾಂಪೌಂಡಿನ ಹೊರಗೆ ಕೂತ. ಹೆಂಗಸರು ಟಿಕೆಟ್ ಪಡೆದು ಒಳಗೆ ಬಂದು, ಬೆಂಚಿನ ಮೇಲೆ ಕೂತು, ಒಂದು ಗಂಟೆ ನೀರು ನೋಡಿ ಮನೆಗೆ ಹೋದರು.

ನೀರಿನಲ್ಲಿ ನಡೆದರೆ ಮಂಡಿನೋವು ಕಡಿಮೆಯಾಗುತ್ತದೆ ಎಂದು ಡಾಕ್ಟರು ಹೇಳಿದ್ದ ಅಜ್ಜಿಯೊಬ್ಬರು ದಿನವೂ ಟವೆಲ್ ಹಿಡಿದು ಬರುತ್ತಿದ್ದರು. "ನೋಡಿದ್ರೆ ಮಂಡಿ ವಾಸಿ ಆಗುತ್ತೇನಪ್ಪಾ?" ಎಂದು ನನ್ನನ್ನು ಕೇಳಿದರು. ಆ ಬಗ್ಗೆ ಸುತ್ತೋಲೆ ಬಂದಿಲ್ಲ ಎಂದೆ.

ಕೌಂಟರಿನಲ್ಲಿ ಟಿಕೆಟ್ ಕೊಡುವವಳನ್ನು ಎಲ್ಲರೂ ಟಿಕೆಟ್ ಅಕ್ಕ ಅನ್ನುತ್ತಿದ್ದೆವು. ದೋಣಿ ನಡೆಸುವವನ ಮಗಳು. ಅಕ್ಷರ ಕಲಿಯುವ ಮೊದಲೇ ಈಜು ಕಲಿತವಳು. ದಿನವೂ ಟಿಕೆಟ್ ಹರಿಯುವುದು ಅವಳಿಗೆ ಸಾಕಾಗಿತ್ತು. ಜೀವರಕ್ಷಕಿಯ ಹುದ್ದೆಗೆ ಅರ್ಜಿ ಬರೆದುಕೊಂಡು ಮ್ಯಾನೇಜರ ಮುಂದೆ ನಿಂತಳು.

"ಈಜು ಬರುತ್ತೆ ಅನ್ನೋದಕ್ಕೆ ಸರ್ಟಿಫಿಕೇಟ್ ಎಲ್ಲಮ್ಮಾ?"

"ಎಲ್ಲಿ ಕೊಡ್ತಾರೆ ಸಾರ್?"

"ಇಲ್ಲೇ. ಈ ಕೊಳದಲ್ಲಿ ಆರು ಸುತ್ತು ಈಜಿದ್ರೆ ನಾನೇ ಕೊಡ್ತೀನಿ."

"ಹಾಗಾದ್ರೆ ಈಗಲೇ ಈಜ್ತೀನಿ."

"ಈಗ ಗಂಡಸರ ಸಮಯ."

"ಹೆಂಗಸರ ಸಮಯದಲ್ಲಿ ಈಜಲಾ?"

"ಆಗ ಲೈಫ್‌ಗಾರ್ಡ್ ಇರೋಲ್ವಲ್ಲ. ಮೊದ್ಲು ಲೇಡಿ ಲೈಫ್‌ಗಾರ್ಡ್ ಬರ್ಲಿ, ಆಮೇಲೆ ಧಾರಾಳವಾಗಿ ಈಜಿ."

ಅವಳು ಅರ್ಜಿಯನ್ನು ಮೇಜಿನ ಮೇಲಿಟ್ಟು ಹೋದಳು. ನನಗೆ ಒಳಗೊಳಗೇ ಪಿಚ್ಚೆನಿಸಿತು. ಆದರೂ ಅರ್ಜಿಗೆ ನಂಬರು ಹಾಕಿದೆ.

ಹೀಗಿರುವಾಗ ಒಂದು ಮಂಗಳವಾರ, ಮಹಿಳಾ ಸಮಯದಲ್ಲಿ ಒಳಗೆ ಗಂಡಸರು ಯಾರೂ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಮ್ಯಾನೇಜರು ಖುದ್ದಾಗಿ ಒಳಗೆ ಹೋದರು. ಒಂದೊಂದೇ ಬೆಂಚಿನ ಅಡಿಗೂ ಬಗ್ಗಿ ನೋಡುತ್ತಾ ಹೋಗುವಾಗ ಕಾಲು ಜಾರಿ, ಹನ್ನೆರಡು ಅಡಿ ಆಳವಿರುವ ಕಡೆ ಬಿದ್ದರು. ಅವರಿಗೆ ಈಜು ಬರುತ್ತಿರಲಿಲ್ಲ. ಮ್ಯಾನೇಜರ ಹುದ್ದೆಗೆ ಅದು ಬೇಕಿರಲಿಲ್ಲ.

ಅಜ್ಜಿ ಕೂಗಿದ್ದು ಕೌಂಟರಿನ ಬಳಿ ಇದ್ದ ನಮಗೆ ಕೇಳಿಸಿತು. ಲೈಫ್‌ಗಾರ್ಡ್ ಗೋಡೆಯಾಚೆಯಿಂದಲೇ, "ಸಾರ್, ಒಳಗೆ ಬರಲಾ? ಒಂದು ಸಾಲು ಬರ್ದುಕೊಟ್ರೆ ಸಾಕು" ಎಂದ. ಸಾಹೇಬರು ಆಗ ಬರೆಯುವ ಸ್ಥಿತಿಯಲ್ಲಿರಲಿಲ್ಲ. ಟಿಕೆಟ್ ಅಕ್ಕ ಟಿಕೆಟ್ ಪುಸ್ತಕವನ್ನು ನನ್ನ ಕೈಗೆ ತುರುಕಿ ಒಳಗೆ ಓಡಿ ಸೀರೆಯಲ್ಲೇ ಧುಮುಕಿ, ಅವರನ್ನು ಕಾಲರು ಹಿಡಿದು ದಡಕ್ಕೆ ಎಳೆದು ಹಾಕಿದಳು. ಅಜ್ಜಿ ತಮ್ಮ ಟವೆಲ್ ಹೊದಿಸಿ, "ಅಂತೂ ಇವತ್ತು ಇದು ಒದ್ದೆ ಆಯ್ತು" ಎಂದರಂತೆ.

ವಿಚಾರಣೆ ನಿಯಮಾನುಸಾರ ನಡೆಯಿತು. ಮಹಿಳಾ ಸಮಯದಲ್ಲಿ ಗಂಡಸು ಒಳಗಿರಲು ಸಾಧ್ಯವಿಲ್ಲವಾದ್ದರಿಂದ ಯಾರೂ ಬಿದ್ದಿಲ್ಲ. ಜೀವರಕ್ಷಕರಿಲ್ಲದಾಗ ಯಾರೂ ನೀರಿಗೆ ಇಳಿಯುವಂತಿಲ್ಲವಾದ್ದರಿಂದ ಯಾರೂ ಎತ್ತಿಲ್ಲ. ಹೀಗೆಂದು ನಾನೇ ನಡಾವಳಿ ಬರೆದೆ. ಕೌಂಟರಿನ ಕುರ್ಚಿಯನ್ನು ಒದ್ದೆ ಮಾಡಿದ್ದಕ್ಕೆ ಟಿಕೆಟ್ ಅಕ್ಕನಿಗೆ ಮೆಮೊ ಕೊಡಲಾಯಿತು. ಅದರ ಜೊತೆಗೇ ಅವಳ ಅರ್ಜಿಯೂ ವಾಪಸು ಬಂತು: "ಅರ್ಜಿದಾರಳಿಗೆ ಈಜು ಬರುತ್ತದೆ ಎಂಬುದಕ್ಕೆ ಈ ಕಚೇರಿಯಲ್ಲಿ ಯಾವುದೇ ಆಧಾರ ಲಭ್ಯವಿಲ್ಲ." ಕೆಳಗೆ ಮ್ಯಾನೇಜರ ಸಹಿ.

ಅವಳು ಎರಡು ಸಲ ಓದಿದಳು. "ಕೆಮ್ಮು ಹೇಗಿದೆ ಸಾರ್?" ಎಂದು ಕೇಳಿದಳು.

"ಯಾವ ಕೆಮ್ಮು?" ಎಂದು ಅವರು ಕೆಮ್ಮಿದರು.

ಈ ವರ್ಷ ನಮ್ಮ ಕೊಳಕ್ಕೆ ಸಮಾನತೆಯ ಫಲಕ ಸಿಕ್ಕಿದೆ. ಮಹಿಳಾ ಸಮಯದಲ್ಲಿ ಇದುವರೆಗೆ ಒಬ್ಬರೂ ಮುಳುಗಿಲ್ಲ. ಬೆಂಚು ಸಾಲದೆ ಇನ್ನೆರಡು ಹಾಕಿಸಿದ್ದೇವೆ. ಅಜ್ಜಿ ಟವೆಲ್ ಬಿಟ್ಟು ಈಗ ಹೆಣಿಗೆ ತರುತ್ತಾರೆ.

ಮ್ಯಾನೇಜರು ಪ್ರತಿ ಮಂಗಳವಾರ ತಪಾಸಣೆಗೆ ಒಳಗೆ ಹೋಗುವುದನ್ನು ಬಿಟ್ಟಿಲ್ಲ. ಹೋಗುವ ಮುಂಚೆ ಮಾತ್ರ ಕೌಂಟರಿನ ಹತ್ತಿರ ನಿಂತು, "ಇವತ್ತು ರಜ ಗಿಜ ಹಾಕಿಲ್ಲ ತಾನೇ ಅಮ್ಮಾ?" ಎಂದು ಮೆಲ್ಲಗೆ ಕೇಳುತ್ತಾರೆ.

"ಇಲ್ಲ ಸಾರ್" ಎಂದು ಅವಳು ಟಿಕೆಟ್ ಪುಸ್ತಕವನ್ನು ನನ್ನ ಕೈಗೆ ಕೊಡುತ್ತಾಳೆ.