ಕೊನೆಯ ಡಬ್ಬಿಯ ಏಳು ಚೀಟಿ

ಮೇಷ್ಟ್ರು ತೀರಿಕೊಂಡು ವರ್ಷವಾಗುತ್ತ ಬಂತು, ಅವರ ಚೀಟಿಗಳು ನನ್ನನ್ನು ಓಡಿಸುವುದು ಮಾತ್ರ ನಿಂತಿಲ್ಲ. ಯಾವ ಪದ ಎಲ್ಲಿಂದ ಬಂತು ಎಂದು ಹುಡುಕಿ ಚೀಟಿಗಳಲ್ಲಿ ಬರೆದಿಡುವುದೇ ಅವರ ಜೀವನವಾಗಿತ್ತು. ತಿಲಕ್ ನಗರದಲ್ಲಿ ಕೂತು ಅದನ್ನೆಲ್ಲ ಪುಸ್ತಕಕ್ಕಾಗಿ ಟೈಪ್ ಮಾಡುವುದು ನನ್ನ ಕರ್ಮ.

೧. ಔಷಧಿ ಅಂಗಡಿ

ಅವರಿದ್ದಾಗಿನ ಮಾತು, ಒಂದು ದಿನ ಮೇಷ್ಟ್ರಿಗೆ ಎದೆನೋವು. ಡಾಕ್ಟರ ಚೀಟಿ ಹಿಡಿದು ಓಡಿದೆ. ಅಂಗಡಿಯವರು ಅದನ್ನು ಹಿಂದೆ ಮುಂದೆ ಹಿಡಿದು ನೋಡಿದರು.

"ಸ್ಟಾಕ್ ಇಲ್ಲ ಸಾರ್, ನಾಳೆ ಬರುತ್ತೆ."

ಇಸಿದುಕೊಂಡು ನೋಡಿದೆ. ಅವರು ಓದಿದ್ದು ಚೀಟಿಯ ಹಿಂಬದಿ. ಅಲ್ಲಿ ಮೇಷ್ಟ್ರು 'ಕಿಟಕಿ' ಪದದ ವಂಶಾವಳಿ ಬರೆದಿದ್ದರು.

೨. ಆಪರೇಷನ್

ಜೆ.ಪಿ. ನಗರದ ಆಸ್ಪತ್ರೆ. ಸ್ಟ್ರೆಚರ್ ತಳ್ಳುತ್ತಿದ್ದ ಹಾವೇರಿ ಕಡೆಯ ಆಯಾ ಜೊತೆಯವಳಿಗೆ ಏನೋ ಹೇಳಿದಳು. ಮೇಷ್ಟ್ರು ತಟ್ಟನೆ ಕೈಯೆತ್ತಿದರು. ಡಾಕ್ಟರು ಗಾಬರಿಯಾಗಿ ಬಗ್ಗಿದರು.

"ಎಲ್ಲಿ ನೋವು ಸಾರ್?"

"ನೋವಲ್ಲ ಡಾಕ್ಟ್ರೇ, ಪೆನ್ನು ಕೊಡಿ. ಈಯಮ್ಮ ಹೊಸ ಪದ ಹೇಳಿದ್ರು."

ಆ ಸಲ ಉಳಿದು ಬಂದರು.

೩. ಟೈಲರ್

ಮೇಷ್ಟ್ರ ವರ್ಷದ ತಿಥಿಯ ದಿನ ಪುಸ್ತಕವನ್ನು ಅವರ ಹೆಂಡತಿ ಅಮ್ಮನವರ ಕೈಗಿಡುತ್ತೇನೆಂದು ಮಾತು ಕೊಟ್ಟಿದ್ದೆ. ಅದಕ್ಕೆ ನಾಳೆ ಬೆಳಿಗ್ಗೆ ಪುಟಗಳು ಪ್ರೆಸ್ಸಿಗೆ ಹೋಗಬೇಕು ಎನ್ನುವ ಹೊತ್ತು. ಕೊನೆಯ 'ಹ' ಡಬ್ಬಿ ತೆಗೆದರೆ ಖಾಲಿ! ಒಳಗೆ ಏಳು ಜನರ ಪಟ್ಟಿ ಮಾತ್ರ.

"ಡಬ್ಬಿಗೆ ಗೆದ್ದಲು ಹಿಡೀತಲ್ಲಪ್ಪ, ಅದಕ್ಕೇ ಅವ್ರು ಪದ ಕೊಟ್ಟೋರ ಹತ್ರಾನೇ ಚೀಟಿ ಇಟ್ಟು ಬಂದ್ರು," ಎಂದರು ಅಮ್ಮ.

ಸ್ಕೂಟರ್ ಹತ್ತಿದೆ. ಜಯನಗರದ ಸೊಪ್ಪಿನಮ್ಮ ಸೊಂಟದ ಚೀಲದಿಂದ ತೆಗೆದುಕೊಟ್ಟಳು. ಬಿಟಿಎಂ ಬಡಾವಣೆಯ ಪಿ.ಜಿ. ಹಾಸ್ಟೆಲಿನ ಅಡುಗೆಯವರು ಅಕ್ಕಿ ಡಬ್ಬಿಗೆ ಕೈ ಹಾಕಿದರು. ಸಂಜೆಗೆ ಆರು ಸಿಕ್ಕವು. ಏಳನೆಯದು ಬನಶಂಕರಿಯ ಟೈಲರ್ ಅಂಗಡಿಯಲ್ಲಿ ದೇವರ ಪಟಗಳ ನಡುವೆ ಫ್ರೇಮಿನಲ್ಲಿತ್ತು, ಹಾರ ಸಮೇತ.

"ಬಿಚ್ಚೋಕಾಗಲ್ಲ ಸಾರ್. ದಿನಾ ಊದುಬತ್ತಿ ಹಚ್ತೀನಿ."

ಸ್ಟೂಲು ಹತ್ತಿ ಮೊಬೈಲಿನಲ್ಲಿ ಚೀಟಿಯ ಫೋಟೊ ತೆಗೆದುಕೊಂಡೆ. ಪುಸ್ತಕ ಉಳಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಟೈಲರ್, "ನಂಗೆ ಓದಕ್ಕೆ ಬರಲ್ಲ. ಮೇಷ್ಟ್ರು ನನ್ ಬಗ್ಗೆ ಏನ್ ಬರ್ದವ್ರೆ, ಜೋರಾಗಿ ಓದಿ," ಎಂದರು.

ಹೊಲಿಗೆ ಮಿಷನ್ನುಗಳು ನಿಂತವು. ಗಿರಾಕಿಗಳೆಲ್ಲ ಕತ್ತೆತ್ತಿದರು. ಮನಸ್ಸಿನಲ್ಲೇ ಒಮ್ಮೆ ಓದಿಕೊಂಡೆ. ವರ್ಷವಿಡೀ ಪೂಜೆ ಮಾಡಿದವರಿಗೆ ಇದನ್ನು ಹೇಗೆ ಹೇಳಲಿ? ವಿಧಿಯಿಲ್ಲದೆ ಓದಿದೆ:

"ಹುಚ್ಚಾಪಟ್ಟೆ. ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಟೈಲರನ್ನು ಕೇಳಿದೆ. ಅವರಿಗೂ ಗೊತ್ತಿಲ್ಲ."

ಟೈಲರ್ ಕಣ್ಣೊರೆಸಿಕೊಂಡು, ಕೊರಳಿನ ಟೇಪು ಸರಿಮಾಡಿಕೊಂಡು, ಎಲ್ಲರ ಕಡೆ ತಿರುಗಿದರು.

"ಕೇಳಿಸ್ಕೊಂಡ್ರಾ? ಅಷ್ಟು ದೊಡ್ಡ ಮನುಷ್ಯರು. ಅವರಿಗೂ ನಂಗೂ ಒಂದೇ ಅಳತೆ!"