ನ್ಸಿಮಾ ನುಂಗಿದ ಸ್ಕ್ಯಾನರ್

ಟುಕುಟುಕು ಟುಕುಟುಕು. ಜೊಂಬಾ ಪಟ್ಟಣದ ನಮ್ಮ ಮನೆಯ ಹಿಂದಿನ ಹಿಟ್ಟಿನ ಗಿರಣಿ ಬೆಳಗ್ಗೆ ಆರಕ್ಕೇ ಶುರು. ಅದನ್ನೂ ಮೀರಿಸುವ ದನಿಯಲ್ಲಿ ನಾನು ಘೋಷಿಸಿದೆ:

"ಸ್ಕ್ಯಾನರ್ ಆರಿಸೋದು ನನ್ನ ಕೆಲಸ. ನೀನು ಬಾಯಿ ಹಾಕ್ಬೇಡ."

ವರ್ಷಕ್ಕೆರಡು ಸಲ ಊರಿಗೆ ಹೋಗುವವರಿಗೆ ಫೋನೇ ಸಾಕು ಎಂದ ನನ್ನ ಗಂಡ ಲಿಂಬಾನಿ. ಹಿಂದಿನ ಸಲ ಅವನು ಫೋನಿನಲ್ಲಿ ತೆಗೆದ ಚಿತ್ರದಲ್ಲಿ ಅರ್ಧ ಹಾಡಿತ್ತು, ಇನ್ನರ್ಧ ಅವನ ಹೆಬ್ಬೆರಳು.

ಹಾಡು ಅವನ ತಾತನದು. ಊರಲ್ಲಿ, ಬಲಾಕಾದ ಚರ್ಚಿನಲ್ಲಿ, ಹಾಡು ಕಲಿಸುತ್ತಿದ್ದ ತಾತ ಹೆಂಗಸರ ಎರಡು, ಗಂಡಸರ ಎರಡು, ಹೀಗೆ ನಾಲ್ಕು ದನಿಗಳಿಗೂ ಬೇರೆ ಬೇರೆ ಸ್ವರ ಬರೆದಿಟ್ಟು ತೀರಿಕೊಂಡರು. ಮುಂದಿನ ಭಾನುವಾರ ಅವರ ಸಮಾಧಿಕಲ್ಲಿನ ಅನಾವರಣ. ಅಲ್ಲಿ ಅದನ್ನೇ ಹಾಡಬೇಕು, ಹಾಡುವವರಿಗೆಲ್ಲ ಪ್ರತಿ ಬೇಕು. ಇರುವುದು ಒಂದೇ ಹಾಳೆ, ಅಜ್ಜಿಯ ಬೈಬಲ್ಲಿನೊಳಗೆ. ಅದು ಹೊಸ್ತಿಲು ದಾಟಲು ಅಜ್ಜಿ ಬಿಡುವುದಿಲ್ಲ. ಸ್ವರಗಳ ನಡುವಿನ ಒಂದು ಚುಕ್ಕೆ ಮಸುಕಾದರೂ ತಾಳ ಹಳ್ಳಕ್ಕೆ ಬೀಳುತ್ತದೆ.

ಅಂಗಡಿಯಲ್ಲಿ ಮೂರು ಬಗೆಯವಿದ್ದವು. ಚಪ್ಪಟೆ ಪೆಟ್ಟಿಗೆಯಂಥದ್ದಕ್ಕೆ ಮಿನಿಬಸ್ಸಿನಲ್ಲಿ ಬೇರೆ ಸೀಟು ಬೇಕು. ಹಾಳೆಯ ಮೇಲೆ ಎಳೆಯುವ ಕೋಲಿನಂಥದ್ದಕ್ಕೆ ನಡುಗದ ಕೈ ಬೇಕು. ನಾನು ಆರಿಸಿದ್ದು ಹಾಳೆಯನ್ನು ಒಂದು ಕಡೆಯಿಂದ ನುಂಗಿ ಇನ್ನೊಂದು ಕಡೆ ಬಿಡುವ ಪುಟ್ಟ ಯಂತ್ರ. "ಬ್ಯಾಗಲ್ಲಿ ಹಿಡಿಯುತ್ತೆ, ಕರೆಂಟೂ ಬೇಕಿಲ್ಲ" ಎಂದು ಬಲಾಕಾ ತಲುಪುವವರೆಗೂ ಲಿಂಬಾನಿಗೆ ಹೇಳಿದೆ. ಪಕ್ಕದಲ್ಲಿ ಕೋಳಿ ಹಿಡಿದು ಕೂತಿದ್ದ ಹೆಂಗಸಿಗೂ ಹೇಳಿದೆ.

ಅಜ್ಜಿಯ ಮುಂದೆ ಮಂಡಿಯೂರಿ ನಮಸ್ಕರಿಸಿ, ಎರಡೂ ಕೈಯಲ್ಲಿ ಹಾಳೆ ತೆಗೆದುಕೊಂಡು, ಯಂತ್ರದ ಬಾಯಿಗಿಟ್ಟೆ. ಅರ್ಧ ನುಂಗಿ ಅದು ಗುರ್ ಎಂದು ನಿಂತಿತು. ಎಳೆದೆ. ಮೂರು ದನಿಗಳು ಕೈಗೆ ಬಂದವು. ಹಾಳೆಯ ತುದಿಯಲ್ಲಿದ್ದ ನಾಲ್ಕನೆಯದು, ಗಂಡಸರ ಏರು ದನಿ, ಯಂತ್ರದ ಹೊಟ್ಟೆಯಲ್ಲಿ ಬಿಳಿ ಅಂಟಿನೊಂದಿಗೆ ಮುದ್ದೆಯಾಗಿತ್ತು.

"ಅದು ನ್ಸಿಮಾ" ಎಂದರು ಅಜ್ಜಿ, ಮೆಲ್ಲಗೆ. "ಹಾಳೆ ಹರಿದಿತ್ತಲ್ಲ, ನೀವು ಬರ್ತೀರಿ ಅಂತ ಬೆಳಗ್ಗೆ ಮೆಕ್ಕೆಜೋಳದ ಮುದ್ದೆ ಬಿಸಿ ಇದ್ದಾಗಲೇ ಅಂಟಿಸಿದೆ. ನೋಡೋಕೆ ಚೆನ್ನಾಗಿರಲಿ ಅಂತ."

ಅಜ್ಜಿ ಹರಿದ ಅಂಚನ್ನು ಬೆರಳಿನಿಂದ ಸವರಿದರು.

"ಹೋಗಿದ್ದು ಅವರದೇ ದನಿ. ನಲವತ್ತು ವರ್ಷ ಕೇಳಿದ್ದೀನಿ ಮಗಳೇ, ಬರ್ಕೋ. ಆದ್ರೆ ಕೂತ್ರೆ ನಂಗೆ ಬರಲ್ಲ. ಗಿರಣಿ ದಾರೀಲಿ ಅವರು ಮುಂದೆ ಹಾಡ್ಕೊಂಡು ಹೋಗ್ತಿದ್ರು, ನಾನು ಹಿಂದೆ."

ಮೆಕ್ಕೆಜೋಳದ ಬೋಗುಣಿ ತಲೆಗೇರಿಸಿ ಅಂಗಳಕ್ಕಿಳಿದೇಬಿಟ್ಟರು. ಲಿಂಬಾನಿ ನನ್ನ ಕೈಗೊಂದು ಪೆನ್ಸಿಲ್ ತುರುಕಿದ.

"ತಗೋ. ಬ್ಯಾಗಲ್ಲಿ ಹಿಡಿಯುತ್ತೆ, ಕರೆಂಟೂ ಬೇಕಿಲ್ಲ."

ಉತ್ತರ ಕೊಡಬಹುದಿತ್ತು. ಆದರೆ ಅಜ್ಜಿ ಆಗಲೇ ಮಾವಿನ ಮರ ದಾಟಿದ್ದರು, ತಾತನ ದನಿಯ ಎರಡನೇ ಸಾಲು ತೇಲಿ ಬರುತ್ತಿತ್ತು, ಚಪ್ಪಲಿಯನ್ನೂ ಮೆಟ್ಟದೆ ನಾನು ಪೆನ್ಸಿಲ್ ಹಿಡಿದು ಅವರ ಹಿಂದೆ ಓಡಿದೆ.