ಹಣೆಯಿಲ್ಲದ ಪಟ

‘ಅಲುಗಬೇಡಿ’ ಎಂಬ ಒಂದೇ ಮಾತಿನಿಂದ ಇಪ್ಪತ್ತು ವರ್ಷ ಸಂಸಾರ ತೂಗಿಸಿದವನು ನಾನು. ಸೇಲಂನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಎದುರಿಗೆ ಕೂತವರು ಮದುಮಗಳೇ ಆಗಲಿ, ಕೈಗೂಸೇ ಆಗಲಿ, ಗಲ್ಲ ಎತ್ತಿಸಿ, ಉಸಿರು ಕಟ್ಟಿಸಿ ಕೂರಿಸಿದರೇ ನನಗೆ ಸಮಾಧಾನ. ತಾರಮಂಗಲದ ಗುಡಿಯ ಕಲ್ಲುಕುದುರೆಗಳಿಗೆ ನನ್ನ ಗಿರಾಕಿಗಳಿಗಿಂತ ಹೆಚ್ಚು ಜೀವವಿದೆ ಎಂದು ನನ್ನ ಹೆಂಡತಿ ಆಡಿಕೊಳ್ಳುವುದುಂಟು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ತೊಂಬತ್ತೈದರ ಸುಮಾರಿಗೆ ಅಟ್ಟ ಗುಡಿಸುವಾಗ, ಅಮ್ಮನ ಅಪ್ಪ, ಅಂದರೆ ನನ್ನ ತಾತ, ತೆಗೆದ ಗಾಜಿನ ಫೋಟೋ ನೆಗೆಟಿವ್ ಪ್ಲೇಟೊಂದು ಸಿಕ್ಕಿತು. ತಾತ ನೇಕಾರ. ಊರು ಬಿಟ್ಟು ಹೊರಟ ಯಾವನೋ ಬಿಳಿ ದೊರೆಗೆ ಒಳ್ಳೆಯದೊಂದು ಪಂಚೆ ನೇಯ್ದು ಕೊಟ್ಟು ಹಳೇ ಕ್ಯಾಮೆರಾ ಪಡೆದಿದ್ದನಂತೆ. ಅದರ ಡಬ್ಬಿಯ ಮೇಲೆ ಬರೆದಿದ್ದ ಹೆಸರಿನಿಂದ ಪ್ಲೇಟಿನಲ್ಲಿರುವುದು ಅಜ್ಜಿ ಎಂದು ತಿಳಿದದ್ದೇ ಅಮ್ಮ ಅತ್ತೇಬಿಟ್ಟಳು. ಏಳು ವರ್ಷಕ್ಕೆ ತಾಯಿಯನ್ನು ಕಳೆದುಕೊಂಡವಳು, ಮುಖವೇ ನೆನಪಿರಲಿಲ್ಲ.

“ಸಾಯೋದ್ರೊಳ್ಗೆ ಒಂದ್ಸಾರಿ ನಮ್ಮವ್ವನ ಮೊಕ ತೋರ್ಸ್ಲಾ. ಅಮಾಸೆಗೆ ಪಟಕ್ಕೆ ಬೊಟ್ಟಿಕ್ತೀನಿ.”

ಭಕ್ತಿಯಿಂದ ಪ್ರಿಂಟ್ ಹಾಕಿದೆ. ಮಗ್ಗ ಸೊಗಸಾಗಿ ಬಂದಿತ್ತು, ಎಳೆಎಳೆಯೂ ಎಣಿಸುವಂತೆ. ಅಜ್ಜಿಯ ಮುಖ ಮಾತ್ರ ಬರೀ ಹೊಗೆ. ಕೈಗಳೋ ನಾಲ್ಕಾರು!

“ಅಣೆ ಎಲ್ಲೈತ್ಲಾ? ಬೊಟ್ಟು ಎಲ್ಲಿಕ್ಲಿ?” ಎಂದಳು ಅಮ್ಮ.

ತಾತನಿಗೆ ‘ಅಲುಗಬೇಡ’ ಎನ್ನಲೂ ಬರುತ್ತಿರಲಿಲ್ಲವಲ್ಲ ಎಂದು ಮರುಗಿ, ಬೋರ್ಡು ಬರೆಯುವ ಗೆಳೆಯನಿಂದ ಆ ಹೊಗೆಯ ಮೇಲೆ ಒಂದು ಮುಖ ಬರೆಸಿದೆ. ಅಮ್ಮ ನೋಡಿ, “ಇವ್ಳು ಯಾರ್ಲಾ? ಸಿನಿಮಾಕಾರಿ ಇದ್ದಂಗವ್ಳೆ. ವೇಂಡಾಂ ಪೋ!” ಎಂದು ತಮಿಳಿನಲ್ಲೇ ಬೇಡವೆಂದು ತಳ್ಳಿದಳು.

ಪ್ಲೇಟನ್ನು ಮತ್ತೆ ಸುತ್ತಿಡುವಾಗ ಅದಕ್ಕೆ ಸುತ್ತಿದ್ದ ಕಾಗದದ ಮೇಲೆ ತಾತನ ಬರಹ ಕಣ್ಣಿಗೆ ಬಿತ್ತು. ತಮಿಳು ಅಕ್ಷರದಲ್ಲಿ ನಮ್ಮ ಮನೆಯ ಕನ್ನಡ: ‘ಅತ್ತು ಎಣ್ಸ್ದೆ, ಸಾಲ್ದು. ಇಪ್ಪತ್ತು ಎಣ್ಸ್ದೆ, ಸಾಲ್ದು. ನಲವತ್ತಕ್ಕೆ ನೇಯ್ಗೆ ಸಿಕ್ತು.’ ಪುಣ್ಯಾತ್ಮ ಬೇಕೆಂದೇ ನಲವತ್ತು ಎಣಿಸುವ ತನಕ ಕ್ಯಾಮೆರಾದ ಬಾಯಿ ತೆರೆದಿಟ್ಟು ಕಾದಿದ್ದಾನೆ! ಹೆಂಡತಿಯನ್ನಲ್ಲ, ಅವಳು ನೇಯುವುದನ್ನು ಹಿಡಿಯಲು. ಇಂಥದ್ದನ್ನು ಕಲಿಸುವವರಿಲ್ಲ, ನೋಡಿ ಮೆಚ್ಚುವವರಿಲ್ಲ. ಆದರೂ ಪ್ಲೇಟಿನ ಮೇಲೆ ಪ್ಲೇಟು ಹಾಳುಮಾಡಿಕೊಂಡು ಹಟ ಹಿಡಿದ ಆ ಮನುಷ್ಯನಿಗೆ ಕೂತಲ್ಲೇ ಕೈಮುಗಿದೆ.

ಮುಖ ಬರೆಸದೆ ಇನ್ನೊಂದು ಪ್ರಿಂಟ್ ಹಾಕಿ ಅಮ್ಮನ ಮುಂದಿಟ್ಟು ಕಾಗದ ಓದಿ ಹೇಳಿದೆ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಬಲಗೈ ತಾನಾಗಿ ಲಾಳಿ ಎಸೆದಂತೆ ಬೀಸಿ, ಗಾಳಿಯಲ್ಲಿ ತುಸು ನಿಂತಿತು.

“ಇಂಗೇ ಕಣ್ಲಾ! ಲಾಳಿ ಎಸ್ದು ಕೈನ ಇಂಗೇ ನಿಲ್ಸೋಳು. ನಾನು ಮಗ್ಗದ ಪಕ್ಕ ಕೂತು ನೋಡ್ತಿದ್ದೆ. ಇದು ನಮ್ಮವ್ವನೇ!”

ಅಮಾವಾಸ್ಯೆಯ ದಿನ ಬೊಟ್ಟು ಬಿದ್ದದ್ದು ಆ ಕೈಗಳಿಗೆ, ಒಂದೂ ಬಿಡದಂತೆ. ಕುಂಕುಮದ ಭರಣಿ ಅರ್ಧ ಖಾಲಿ.

ಅದೇ ಹುರುಪಿನಲ್ಲಿ ನನ್ನದೂ ಒಂದು ಪಟ ತೆಗೆಸಿಕೊಂಡೆ, ಮುಂದೆ ಮಕ್ಕಳಿಗೆ ಬೇಕಾದೀತೆಂದು. ಕಲೆಯೆಲ್ಲ ತಾತನಿಗೇ ಇರಲಿ ಎಂದು ಗಲ್ಲ ಎತ್ತಿ, ಉಸಿರು ಕಟ್ಟಿ ಕೂತೆ. ಹಣೆ ಭಾರೀ ಸ್ಪಷ್ಟವಾಗಿ ಬಂತು, ಎರಡು ಬೊಟ್ಟಿಗಾಗುವಷ್ಟು. ಹೆಂಡತಿ ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು:

“ಮೊಕ ಏನೋ ನಿಮ್ದೇ. ಆದ್ರೆ ಇದ್ರಾಗೆ ನೀವು ಏನ್ ಮಾಡ್ತಾ ಇದ್ದೀರಿ?”

ಅಲುಗದೆ ಕೂತಿದ್ದೇನೆ ಎಂದೆ.